ಇಲ್ಲದ ಗೋಪುರದ ಬುಡದಲ್ಲಿ ಇಳಿಯುವವರು

ಮಂಗಳೂರಿನ ಹಂಪನಕಟ್ಟೆಯ ಗಡಿಯಾರ ಗೋಪುರದ ಎದುರು ಬಂದರೆ ಸಾಕು, ನನ್ನ ತಂದೆಯವರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಒಮ್ಮೆ ಗೋಪುರವನ್ನೂ ಒಮ್ಮೆ ಕೈಗಡಿಯಾರವನ್ನೂ ನೋಡಿ, ಉಗುರಿನ ತುದಿಯಿಂದ ಕೀಲಿಯನ್ನು ಹೊರಗೆಳೆದು ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತಿದ್ದರು. ಈ ವಿಧಿ ಮುಗಿಯುವ ತನಕ ಐಸ್‌ಕ್ರೀಮಿನ ಮಾತೆತ್ತುವಂತಿರಲಿಲ್ಲ. ನಮ್ಮ ಬಾಲ್ಯದ ಸಮಯಪ್ರಜ್ಞೆ ಎಂದರೆ ಇಷ್ಟೇ.

1960ರ ದಶಕದಲ್ಲಿ ಎದ್ದು ನಿಂತ ಆ ಗೋಪುರವನ್ನು 1990ರ ದಶಕದಲ್ಲಿ ಕೆಡವಲಾಯಿತು. ರಸ್ತೆ ಅಗಲವಾಗಬೇಕಿತ್ತು, ಗೋಪುರ ಅಡ್ಡಿಯಾಗಿತ್ತು. ಅದು ನಿಂತಲ್ಲಿಂದ ಒಂದಿಂಚೂ ಕದಲಿರಲಿಲ್ಲ, ಹೆಚ್ಚಿದ್ದು ವಾಹನಗಳು; ಆದರೆ ವಾಹನಗಳಿಗೆ ಮಾಲೀಕರಿದ್ದಾರೆ, ಮಾಲೀಕರಿಗೆ ಮತವಿದೆ, ಗೋಪುರಕ್ಕೆ ಇದ್ದುದು ಗಂಟೆ ಮಾತ್ರ.

ಕೆಡವಿದವರಿಗೆ ಒಂದು ಸಂಗತಿ ಹೊಳೆದಿರಲಿಲ್ಲ. ಕಲ್ಲುಗಾರೆ ಹೋದರೂ ಗೋಪುರವು ಸಿಟಿ ಬಸ್ಸಿನ ಕಂಡಕ್ಟರುಗಳ ಬಾಯಲ್ಲಿ ಭದ್ರವಾಗಿ ಉಳಿಯಿತು. "ಕ್ಲಾಕ್ ಟವರ್ ಯಾರುಂಟು ಇಳಿಯಲಿಕ್ಕೆ?" ಎಂದು ಅವರು ಎರಡು ದಶಕಕ್ಕೂ ಹೆಚ್ಚು ಕಾಲ ಕೂಗಿದರು, ನಾವೂ ಯಾವ ಅನುಮಾನವಿಲ್ಲದೆ ಇಲ್ಲದ ಗೋಪುರದ ಬುಡದಲ್ಲಿ ಇಳಿದು ಹೋದೆವು. ಬಣ್ಣ ಬಳಿಯಬೇಕಿಲ್ಲ, ಕೀಲಿ ಕೊಡಬೇಕಿಲ್ಲ, ಸಂಚಾರಕ್ಕಂತೂ ಎಳ್ಳಷ್ಟೂ ಅಡ್ಡಿಯಿಲ್ಲ. ಇಂತಹ ಮಿತವ್ಯಯದ ಸ್ಮಾರಕ ಮಂಗಳೂರಿಗೆ ಮತ್ತೆ ಸಿಕ್ಕಿಲ್ಲ.

ಆದರೆ ಮಿತವ್ಯಯಕ್ಕೆ ಟೆಂಡರ್ ಕರೆಯಲಾಗುವುದಿಲ್ಲ. 2016ರಲ್ಲಿ ನಗರವು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆ ಯೋಜನೆಯ ಹಣದಲ್ಲಿ ಹಳೆಯ ಜಾಗದಲ್ಲಿಯೇ ಹೊಸ ಗಡಿಯಾರ ಗೋಪುರ ಎದ್ದಿತು. ವಾಹನಗಳು ವಿರಳವಾಗಿದ್ದಾಗ ಅಡ್ಡಿಯಾಗಿದ್ದ ಗೋಪುರವು ವಾಹನಗಳು ಒಂದಕ್ಕೊಂದು ತಾಗಿ ನಿಂತಿರುವ ಕಾಲದಲ್ಲಿ ಅಡ್ಡಿಯಾಗದಿರುವುದು ಹೇಗೆಂದು ನಾನು ತುಂಬ ಯೋಚಿಸಿದ್ದೇನೆ. ಆಗ ಅದು ಬರಿಯ ಗಡಿಯಾರವಾಗಿತ್ತು, ಈಗ ಪರಂಪರೆಯಾಗಿದೆ. ಪರಂಪರೆಗೆ ಯಾರೂ ಹಾರ್ನ್ ಹಾಕುವುದಿಲ್ಲ ಎಂಬುದೊಂದೇ ನನಗೆ ಸಿಕ್ಕ ಉತ್ತರ. ಊರಿನ ಪ್ರತಿ ಕಿಸೆಯಲ್ಲಿಯೂ ಸೆಕೆಂಡು ತಪ್ಪದ ಗಡಿಯಾರ ಬಂದ ಮೇಲೆಯೇ ಅದನ್ನು ಕಟ್ಟಿದರೆಂಬುದನ್ನು ಎತ್ತಿ ಆಡುವುದು ಸಣ್ಣತನ.

ಅಗೆಯುವ ಉತ್ಸಾಹದಲ್ಲಿ ಹಂಪನಕಟ್ಟೆಯ ರಸ್ತೆಯಡಿ ಹಳೆಯ ಬಾವಿಯೊಂದೂ ಕಾಣಿಸಿಕೊಂಡಿತು. ಅಪ್ಪಣ್ಣ ಎಂಬವನೊಬ್ಬ ದಾರಿಹೋಕರಿಗೆ ನೀರು ಕೊಡುತ್ತಿದ್ದ ಕಟ್ಟೆಯೇ ಅಪ್ಪಣಕಟ್ಟೆಯಾಗಿ, ನಾಲಗೆಯಿಂದ ನಾಲಗೆಗೆ ಉರುಳಿ ಹಂಪನಕಟ್ಟೆಯಾಯಿತೆಂದು ಹಿರಿಯರು ಹೇಳುತ್ತಿದ್ದರು. ಮುಚ್ಚಿದ ಬಾವಿಯ ಮೇಲೆ ಇಷ್ಟು ವರ್ಷ ಬಸ್ಸು ಓಡಿಸಿದ ನಾವು, ಅದು ಸಿಕ್ಕಿದ ದಿನ ಸುತ್ತ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆವು. ನೀರು ಬೇಕೆಂದು ಕೇಳಿದವರು ಯಾರೂ ಇರಲಿಲ್ಲ, ಎಲ್ಲರ ಕೈಯಲ್ಲಿಯೂ ಬಾಟಲಿಯಿತ್ತು.

ಈಗ ನನ್ನ ಚಿಂತೆಯೆಲ್ಲ ಬಲ್ಮಠ ಕಡೆಯದು. ಜ್ಯೋತಿ ಚಿತ್ರಮಂದಿರ ಈಗಿಲ್ಲ, ಅದರೆದುರಿನ ವೃತ್ತಕ್ಕೂ ಅಂಬೇಡ್ಕರ್ ಅವರ ಹೆಸರಿದೆ, ಆದರೂ ಬಸ್ಸಿನಲ್ಲಿ "ಜ್ಯೋತಿ, ಜ್ಯೋತಿ" ಎಂಬ ಕೂಗು ನಿಂತಿಲ್ಲ. ಲಕ್ಷಣಗಳು ಸ್ಪಷ್ಟವಾಗಿವೆ. ಇನ್ನು ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಯಾವುದಾದರೊಂದು ಯೋಜನೆಯ ಹಣ ಮಿಕ್ಕಿ, ಅಲ್ಲಿ ಚಿತ್ರಮಂದಿರದ ಮುಂಗೋಡೆಯೊಂದು ಪರಂಪರೆಯ ಹೆಸರಿನಲ್ಲಿ ಏಳುವುದು ಖಂಡಿತ. ಒಳಗೆ ಸಿನಿಮಾ ಇರುವುದಿಲ್ಲ. ನನ್ನ ವಿನಂತಿ ಇಷ್ಟೇ: ಟಿಕೆಟಿನ ಕಿಂಡಿಯನ್ನಾದರೂ ಮೊದಲಿನ ಎತ್ತರಕ್ಕೇ ಇಡಲಿ, ಹೆಬ್ಬೆರಳಿನ ಮೇಲೆ ನಿಂತು ಕೈ ಚಾಚಿದರೆ ಮಾತ್ರ ನನಗೆ ಎಟಕುತ್ತಿತ್ತು.