ಫುಕುಶಿಮಾ ಅಣುಸ್ಥಾವರ ಕಳಚುವ ವಿದ್ಯೆ: ದೇಶಗಳು ಕೂಡಿ ಕಲಿಯಬೇಕೇ?

ಪರ: ಕೇಳಿ ತಿಳಿಯಲು ಇರುವುದೇ ಮೂರು ಊರು

ಕರಗಿ ಗಟ್ಟಿಯಾದ ಅಣುಇಂಧನದ, ಕಡಲೆಕಾಳಿನಷ್ಟು ದಪ್ಪದ ಒಂದು ಚೂರು. ಅದನ್ನು ಹೊರತೆಗೆಯಲು 13 ವರ್ಷ 8 ತಿಂಗಳು ಬೇಕಾಯಿತು. 2011ರ ಮಾರ್ಚಿನಲ್ಲಿ ಸುನಾಮಿ ಬಂದು ಜಪಾನಿನ ಫುಕುಶಿಮಾ ದಾಯಿಚಿ ಅಣುಸ್ಥಾವರದ ಮೂರು ರಿಯಾಕ್ಟರುಗಳ ಇಂಧನ ಕರಗಿತು. 2024ರ ನವೆಂಬರ್ 7ರಂದು 2ನೇ ಘಟಕದಿಂದ ಮೊದಲ ಚೂರು ಬಂತು. ತೂಕ ಸುಮಾರು 0.7 ಗ್ರಾಂ. ಮೂರೂ ಘಟಕಗಳಲ್ಲಿ ಇನ್ನೂ ಉಳಿದಿರುವುದು ಅಂದಾಜು 880 ಟನ್.

ಅದನ್ನು ತೆಗೆದ ಬಗೆ ನೋಡಿ. ಗಾಳದ ಕೋಲಿನ ಹಾಗೆ ಒಂದರೊಳಗಿಂದ ಇನ್ನೊಂದು ಹೊರಬಂದು 22 ಮೀಟರ್‌ವರೆಗೆ ಚಾಚುವ ಕೊಳವೆ. ತುದಿಯಲ್ಲಿ ಒಂದು ಚಿಮಟ. ಒಳಗೆ ವಿಕಿರಣ ಜಾಸ್ತಿ, ಮನುಷ್ಯ ಹೋಗುವ ಹಾಗಿಲ್ಲ. ದೂರದ ಕೋಣೆಯಲ್ಲಿ ಕೂತು ಪರದೆ ನೋಡಿಕೊಂಡು ನಡೆಸಬೇಕು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತುದಿಯ ಕ್ಯಾಮೆರಾದಿಂದ ಚಿತ್ರವೇ ಬರಲಿಲ್ಲ. ಕೆಲಸ ನಿಂತಿತು. ಕ್ಯಾಮೆರಾ ಬದಲಿಸಿ ಮತ್ತೆ ಶುರು ಮಾಡಿದರು.

ಇಂಥ ಕೆಲಸವನ್ನು ಯಾರ ಹತ್ತಿರ ಕೇಳಿ ಕಲಿಯುವುದು? ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ 1979ರಲ್ಲಿ ಕೆಟ್ಟಿತು. ಈಗಿನ ಉಕ್ರೇನಿನ ಚೆರ್ನೋಬಿಲ್ 1986ರಲ್ಲಿ. ಆಮೇಲೆ ಫುಕುಶಿಮಾ. ಇಷ್ಟು ದೊಡ್ಡ ಮಟ್ಟದ್ದು ಅಂದರೆ ಈ ಮೂರೇ. ಅಮೆರಿಕದಲ್ಲಿ ಕರಗಿದ ಇಂಧನ ಉಕ್ಕಿನ ಹಂಡೆಯೊಳಗೇ ಉಳಿದಿತ್ತು. ಮೇಲೆ ನೀರು ನಿಲ್ಲಿಸಿ, 1985ರಿಂದ 1990ರ ತನಕ ತೆಗೆದರು. ಫುಕುಶಿಮಾದಲ್ಲಿ ಅದು ಹಂಡೆಯ ತಳ ಕೊರೆದು ಕೆಳಗಿಳಿದು ಕಾಂಕ್ರೀಟಿನ ಜತೆ ಬೆರೆತಿದೆ. ಚೆರ್ನೋಬಿಲ್‌ನದು ಇನ್ನೂ ಒಳಗೇ ಇದೆ. ಒಂದೊಂದು ಕಡೆ ಒಂದೊಂದು ಪಾಠ. ಯಾವ ದೇಶದ ಹತ್ತಿರವೂ ಪೂರ್ತಿ ಪುಸ್ತಕ ಇಲ್ಲ.

ಒಳಗೆ ಇಂಧನ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ 2012ರಿಂದ ಒಇಸಿಡಿ ಎಂಬ ಮುಂದುವರಿದ ದೇಶಗಳ ಒಕ್ಕೂಟದ ಅಣುಶಕ್ತಿ ಸಂಸ್ಥೆಯ ಅಡಿಯಲ್ಲಿ ಹಲವು ದೇಶದವರು ಇದೇ ಅಪಘಾತವನ್ನು ತಮ್ಮ ತಮ್ಮ ಕಂಪ್ಯೂಟರುಗಳಲ್ಲಿ ಲೆಕ್ಕ ಹಾಕಿದರು. ಬೇರೆ ಬೇರೆ ಲೆಕ್ಕ ಒಂದೇ ಕಡೆ ಬೆರಳು ತೋರಿಸಿದರೆ ಧೈರ್ಯ ಬರುತ್ತದೆ, ಅಲ್ವಾ? ಆಕಾಶದಿಂದ ಸದಾ ಸುರಿಯುವ ಮ್ಯುವಾನ್ ಕಣಗಳಿಂದ ಎಕ್ಸ್‌ರೇ ತೆಗೆದ ಹಾಗೆ ಚಿತ್ರ ತೆಗೆಯುವ ವಿದ್ಯೆಯೂ ಬಳಕೆಗೆ ಬಂತು. ಜಪಾನಿನ ವಿಜ್ಞಾನಿಗಳ ಜತೆಗೆ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದವರೂ ಇದರ ಮೇಲೆ ದುಡಿದರು. 1ನೇ ಘಟಕದ ಮೂಲ ಜಾಗದಲ್ಲಿ ಇಂಧನ ಉಳಿದಿಲ್ಲ ಎಂದು 2015ರಲ್ಲಿ ಗೊತ್ತಾಗಿದ್ದು ಮ್ಯುವಾನ್ ಚಿತ್ರದಿಂದಲೇ.

ನನ್ನ ಮನಸ್ಸಿಗೆ ತಟ್ಟಿದ್ದು ಸ್ಥಾವರದ ಹತ್ತಿರದ ತೊಮಿಯೋಕ ಊರು. ಆರು ವರ್ಷ ಖಾಲಿ ಬಿದ್ದಿದ್ದ ಆ ಊರಿನ ಬಹುಭಾಗಕ್ಕೆ ಜನ ಮರಳಬಹುದು ಎಂದು ಅಪ್ಪಣೆಯಾಗಿದ್ದು 2017ರ ಏಪ್ರಿಲ್‌ನಲ್ಲಿ. ಅದೇ ತಿಂಗಳು ಅಲ್ಲಿ ಹೊರದೇಶದವರೂ ಬಂದು ಸಂಶೋಧನೆ ಮಾಡುವ ಕಟ್ಟಡ ತೆರೆಯಿತು. ಮನೆಗೆ ಮರಳುವವನಿಗೆ ಪಕ್ಕದಲ್ಲೇ ದೀಪ ಉರಿಯುತ್ತಿರುವುದು ಸಣ್ಣ ವಿಷಯವಲ್ಲ.

ನಂಬಿಕೆಯ ಮಾತೂ ಇದೆ. 2023ರ ಆಗಸ್ಟ್ 24ರಿಂದ ಸ್ಥಾವರದ ನೀರನ್ನು ಶುದ್ಧೀಕರಿಸಿ ಸಮುದ್ರಕ್ಕೆ ಬಿಡುತ್ತಿದ್ದಾರೆ. ಪರವಾಗಿಲ್ಲ ಎಂದು ಸ್ಥಾವರದವರೇ ಹೇಳಿದರೆ ನೆರೆಯ ದೇಶದ ಮೀನುಗಾರ ಯಾಕೆ ಒಪ್ಪಬೇಕು? ಹೊರಗಿನ ಪ್ರಯೋಗಾಲಯಗಳು ಅದೇ ನೀರು ಅಳೆದಾಗಲೇ ಮಾತಿಗೆ ತೂಕ.

ವಿರೋಧ: ಪಳಗಬೇಕಾದ್ದು ಅಲ್ಲಿರುವವರ ಕೈ

ಮ್ಯುವಾನ್ ವಿಷಯ ಒಪ್ಪುತ್ತೇನೆ. ಅದು ನೋಡುವ ವಿದ್ಯೆ. ಮಾಡುವ ವಿದ್ಯೆಯ ಕಥೆ ಬೇರೆ.

ಆ ಗಾಳದ ಕೋಲು ಮೊದಲಿನ ಯೋಜನೆಯೇ ಅಲ್ಲ. ಬ್ರಿಟನ್ನಿನ ಕಂಪನಿಯ ಜತೆ ಸೇರಿ 22 ಮೀಟರ್ ಉದ್ದದ, 4.6 ಟನ್ ತೂಕದ ರೋಬೋ ತೋಳು ಮಾಡಿದ್ದರು. 2021ರಲ್ಲೇ ಚೂರು ತೆಗೆಯಬೇಕಿತ್ತು. ಕೋವಿಡ್ ಬಂತು, ಸಾಗಣೆ ತಡವಾಯಿತು. ಜಪಾನಿಗೆ ಬಂದ ಮೇಲೂ ವರ್ಷಗಟ್ಟಲೆ ಪರೀಕ್ಷೆ, ತಿದ್ದುಪಡಿ. 2023ರ ಅಕ್ಟೋಬರಿನಲ್ಲಿ ಒಳಹೋಗುವ ದಾರಿಯ ಮುಚ್ಚಳ ತೆಗೆದರೆ ಒಳಗೆಲ್ಲ ಗಟ್ಟಿಯಾದ ಕಸ. ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲದ ದಾರಿ ಅದು. ಕೊನೆಗೆ ತೋಳನ್ನು ಪಕ್ಕಕ್ಕಿಟ್ಟು ಸರಳವಾದ ಕೊಳವೆ ಹಿಡಿದರು. 2025ರ ಏಪ್ರಿಲ್‌ನಲ್ಲಿ ಎರಡನೇ ಚೂರು ತೆಗೆದದ್ದೂ ಅದರಿಂದಲೇ. ಬ್ರಿಟನ್ನಿನವರ ಜಾಣತನ ಕಡಿಮೆ ಅನ್ನುತ್ತಿಲ್ಲ. ಸಾವಿರಾರು ಮೈಲಿ ದೂರದಲ್ಲಿ ಕೂತವರಿಗೆ ಆ ದಾರಿಯ ಕಸ ಕಾಣುವುದಿಲ್ಲ.

2024ರ ಆಗಸ್ಟ್ 22ರಂದು ಆದದ್ದು ಇನ್ನೂ ಕಣ್ಣು ತೆರೆಸುತ್ತದೆ. ಕೋಲನ್ನು ಒಳಗೆ ತಳ್ಳುವ ಕೊಳವೆಗಳು ಐದು. ಒಂದೊಂದು ಒಂದೂವರೆ ಮೀಟರ್ ಉದ್ದ, 95 ಕಿಲೋ ಭಾರ. ಅವನ್ನು ಜೋಡಿಸಿಟ್ಟ ಕ್ರಮವೇ ತಪ್ಪಿತ್ತು. ಜೋಡಿಸಿದ್ದು ಜುಲೈನಲ್ಲಿ, ಗುತ್ತಿಗೆ ಕೆಲಸಗಾರರು. ಸ್ಥಾವರ ನಡೆಸುವ ಕಂಪನಿಯವರು ಬಂದು ನೋಡಿರಲಿಲ್ಲ. ಶುರುವಾಗುವ ದಿನವೇ ಕೆಲಸ ನಿಂತಿತು. ಯಾವ ದೇಶದ ಜತೆ ಒಪ್ಪಂದ ಮಾಡಿಕೊಂಡರೆ ಇದು ಸರಿಹೋಗುತ್ತದೆ? ಹಣ ಹೋಗಬೇಕಾದ್ದು ಆ ಗುತ್ತಿಗೆ ಕೆಲಸಗಾರನ ತರಬೇತಿಗೆ, ಅವನ ಸಂಬಳಕ್ಕೆ.

ಇನ್ನು ದೇಶಗಳ ಸ್ನೇಹ. ಫುಕುಶಿಮಾದಲ್ಲಿ ದೊಡ್ಡ ಪ್ರಮಾಣದಲ್ಲಿ ಇಂಧನ ತೆಗೆಯುವುದು 2037ರ ಹೊತ್ತಿಗೋ ಅದರ ಮೇಲೋ ಎಂದು 2025ರಲ್ಲಿ ಹೇಳಿದ್ದಾರೆ. ಅಷ್ಟು ಕಾಲ ಸ್ನೇಹ ಹೀಗೇ ಇರುತ್ತದೆಯೇ? ಚೆರ್ನೋಬಿಲ್ ಮೇಲಿನ 36,000 ಟನ್ನಿನ ಉಕ್ಕಿನ ಕಮಾನಿಗೆ ಹತ್ತಾರು ದೇಶಗಳು ದುಡ್ಡು ಹಾಕಿದವು. ಅದರಲ್ಲಿ ರಷ್ಯವೂ ಇತ್ತು. 2022ರ ಫೆಬ್ರವರಿಯಲ್ಲಿ ಅದೇ ರಷ್ಯದ ಸೇನೆ ಆ ಸ್ಥಾವರವನ್ನು ಹಿಡಿದುಕೊಂಡಿತು. 2025ರ ಫೆಬ್ರವರಿಯಲ್ಲಿ ಡ್ರೋನ್ ಬಡಿದು ಕಮಾನು ತೂತಾಯಿತು.

ನಮಗೂ ಇದು ಹೊಸದಲ್ಲ. ಅಣುಸ್ಥಾವರ ಕಟ್ಟಲು ಜತೆಯಾಗಿದ್ದ ಕೆನಡಾ 1974ರ ಪೋಖ್ರಾನ್ ಪರೀಕ್ಷೆಯಾದ ಮೇಲೆ ಕೈಬಿಟ್ಟಿತು. ರಾಜಸ್ಥಾನದ 2ನೇ ಘಟಕ ಅರ್ಧಕ್ಕೆ ನಿಂತಿತ್ತು. ನಮ್ಮವರೇ ಮುಗಿಸಿದರು. 1990ರ ದಶಕದಲ್ಲಿ ಅದೇ ಘಟಕದ ಒಳಗಿನ ಶೀತಕ ಕೊಳವೆಗಳನ್ನೆಲ್ಲ ಕಿತ್ತು ಹೊಸದು ಹಾಕಿದವರೂ ನಮ್ಮವರೇ. ವಿಕಿರಣದ ನಡುವೆ ಬಿಚ್ಚುವುದು, ಕತ್ತರಿಸುವುದು, ಸಾಗಿಸುವುದು ಅಂದರೆ ಕಳಚುವ ಕೆಲಸದ ಅರ್ಧ ಪಾಠ ಅಲ್ಲೇ ಇದೆ.

ಕೈಗಾದ ಮೊದಲ ಎರಡು ಘಟಕ ವಾಣಿಜ್ಯವಾಗಿ ವಿದ್ಯುತ್ ಕೊಡಲು ಶುರು ಮಾಡಿದ್ದು 2000ರಲ್ಲಿ. ಮುಂದೆ ಕಳಚುವ ಖರ್ಚಿಗೆಂದು ಅಣುವಿದ್ಯುತ್ತಿನ ಯೂನಿಟ್ಟಿಗೆ 2 ಪೈಸೆ ಎತ್ತಿಡುತ್ತಾರೆ. ಕೈಗಾದ ಆ ಘಟಕಗಳನ್ನು ಕಳಚುವ ಎಂಜಿನಿಯರ್ ಇವತ್ತು ಕಾರವಾರದಲ್ಲೋ ಯಲ್ಲಾಪುರದಲ್ಲೋ ಶಾಲೆಗೆ ಹೋಗುತ್ತಿರಬಹುದು. ರಾಜಸ್ಥಾನದಲ್ಲಿ ಆ ಕೊಳವೆ ಕಿತ್ತವರು ಈಗ ನಿವೃತ್ತಿಯ ವಯಸ್ಸಿನವರು. ಅವರನ್ನು ಕೂರಿಸಿ, ಯಾವ ಬೋಲ್ಟ್ ಎಲ್ಲಿ ಸಿಕ್ಕಿಕೊಂಡಿತ್ತು, ಯಾವ ಉಪಕರಣ ಕೈಕೊಟ್ಟಿತು ಎಂದು ಕೇಳಿ ಬರೆದಿಡುವ ಕೆಲಸ ಮೊದಲು ಆಗಲಿ.