ತೋಟದ ತಕ್ಕಡಿ ಯಾರ ಕಡೆ ತಿರುಗಿರಬೇಕು?

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಕೆಥೋಲಿಕ್ ಧರ್ಮಸಭೆ ಆಡುತ್ತಿರುವ ಮಾತನ್ನು ಕೊಡಗಿನ ಕಾಫಿ ತೋಟದ ಮಾಲೀಕರು ಕಿವಿಗೊಟ್ಟು ಕೇಳಬೇಕೆಂಬುದು ನನ್ನ ಅನಿಸಿಕೆ. ನಾನು ಆ ಧರ್ಮದವನಲ್ಲ. ವಿರಾಜಪೇಟೆಯಲ್ಲಿ ಸಂತ ಅನ್ನಮ್ಮ ಚರ್ಚಿನ ಗಂಟೆ ಕೇಳುತ್ತ ಬೆಳೆದು, ಈಗ ಜರ್ಮನಿಯ ಕಲೋನ್ ನಗರದ ಗೋದಾಮೊಂದರಲ್ಲಿ ದುಡಿಯುತ್ತಿರುವವನು.

ಹದಿಮೂರನೆಯ ಲಿಯೋ ಪೋಪರು 1891ರ 'ರೇರುಂ ನೊವಾರುಂ' ಪರಿಪತ್ರದಲ್ಲಿ ನ್ಯಾಯವಾದ ಕೂಲಿಯನ್ನೂ ಕಾರ್ಮಿಕರು ಸಂಘ ಕಟ್ಟಿಕೊಳ್ಳುವ ಹಕ್ಕನ್ನೂ ಎತ್ತಿಹಿಡಿದರು. 1981ರಲ್ಲಿ ಎರಡನೆಯ ಜಾನ್ ಪಾಲ್, ಬಂಡವಾಳಕ್ಕಿಂತ ದುಡಿಮೆಯೇ ಮೊದಲು ಎಂದರು. 2025ರ ಜನವರಿಯಲ್ಲಿ ವ್ಯಾಟಿಕನ್ ಹೊರಡಿಸಿದ 'ಆಂಟಿಕ್ವಾ ಎತ್ ನೋವಾ' ಟಿಪ್ಪಣಿ ಅದೇ ಜಾಡಿನದು: ಯಂತ್ರ ದುಡಿಯುವವರಿಗೆ ನೆರವಾಗುವ ಬದಲು ದುಡಿಯುವವರೇ ಯಂತ್ರದ ವೇಗಕ್ಕೆ ಹೊಂದಿಕೊಳ್ಳಬೇಕಾಗಿ ಬರುತ್ತಿದೆ, ಕೌಶಲ ಕುಂದಿ ಕಾವಲು ಹೆಚ್ಚುತ್ತಿದೆ ಎಂದು ಅದು ಎಚ್ಚರಿಸುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪರು ಹದಿನಾಲ್ಕನೆಯ ಲಿಯೋ ಎಂಬ ಹೆಸರು ತಳೆದದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಕೃತಕ ಬುದ್ಧಿಮತ್ತೆಯೂ ಒಂದು.

ಜರ್ಮನಿಯಲ್ಲಿ ಈ ಕಾಳಜಿಗೆ ಕಾನೂನಿನ ಬಲವಿದೆ. ನೌಕರರೇ ಆರಿಸಿದ ಮಂಡಳಿ ಇರುವ ಕಡೆ, ಅವರ ಕೆಲಸದ ಮೇಲೆ ಕಣ್ಣಿಡುವ ಯಂತ್ರ ತರಲು ಆ ಮಂಡಳಿಯ ಒಪ್ಪಿಗೆ ಬೇಕು; 2021ರ ತಿದ್ದುಪಡಿಯ ಪ್ರಕಾರ ಕೃತಕ ಬುದ್ಧಿಮತ್ತೆಯನ್ನು ಪರಿಶೀಲಿಸಲು ಅದು ತಜ್ಞರನ್ನೂ ಕರೆಸಿಕೊಳ್ಳಬಹುದು. ನಮ್ಮ ಗೋದಾಮಿಗೆ ಕೈ ಸ್ಕ್ಯಾನರ್ ಬಂದಾಗ, ಯಾರು ಗಂಟೆಗೆ ಎಷ್ಟು ಪೆಟ್ಟಿಗೆ ಎತ್ತಿದರೆಂದು ಹೆಸರು ಹಿಡಿದು ತೋರಿಸಕೂಡದೆಂದು ಮಂಡಳಿ ಷರತ್ತು ಹಾಕಿತು, ಆಡಳಿತ ಒಪ್ಪಿತು.

ಕಳೆದ ಕೊಯ್ಲಿನಲ್ಲಿ ಸಿದ್ದಾಪುರದ ಬಳಿಯ ತೋಟವೊಂದಕ್ಕೆ ಹೋಗಿದ್ದೆ. ಹಾಜರಿಗೆ ಫೋನಿನೆದುರು ಮುಖ ತೋರಿಸಬೇಕು. ಕೊಯ್ದ ಹಣ್ಣಿನ ತೂಕ ನೇರವಾಗಿ ತಂತ್ರಾಂಶಕ್ಕೆ ಹೋಗಿ, ಸಂಜೆಗೆ ಯಾರು ಹಿಂದೆ ಬಿದ್ದರೆಂಬ ಪಟ್ಟಿ ಬರುತ್ತದೆ. ಅಸ್ಸಾಮಿನಿಂದ ಬಂದ ಹೆಂಗಸೊಬ್ಬಳು ಗೋಣಿಚೀಲವನ್ನು ತಕ್ಕಡಿಯ ಮೇಲಿಟ್ಟಾಗ, ಅಂಕಿ ಮೂಡುವ ಮುಖ ತೋಟದ ಲೆಕ್ಕ ಬರೆಯುವ ರೈಟರ ಕಡೆಗೆ ಮಾತ್ರ ತಿರುಗಿತ್ತು. ಅವಳು ಅಂಕಿಯನ್ನಲ್ಲ, ಅವರ ಮುಖವನ್ನು ನೋಡುತ್ತಿದ್ದಳು.

ಕೆಲಸಕ್ಕೆ ಆಳು ಸಿಗದ ಮಾಲೀಕರ ಸಂಕಟ ನಿಜ, ಲೆಕ್ಕ ಚೊಕ್ಕವಾದರೆ ಕೂಲಿಯವರಿಗೂ ಲಾಭವಿದೆ. ಹಣ್ಣು ವಿರಳವಾದ ಏರಿನಲ್ಲಿ ಕೊಯ್ದವಳ ಚೀಲ ಏಕೆ ಹಗುರವೆಂದು ಹಳೆಯ ರೈಟರಿಗೆ ಗೊತ್ತಿರುತ್ತದೆ. ಆ ತಿಳಿವಳಿಕೆ ಕಲೋನಿನ ಕಾನೂನಿನಲ್ಲೂ ಇಲ್ಲ, ಅದು ನಮ್ಮ ಕಡೆಯ ದೊಡ್ಡ ಗುಣ. ಆದರೆ ಅದು ರೈಟರ ಒಳ್ಳೆಯತನದ ಮೇಲೆ ನಿಂತಿದೆ, ತಂತ್ರಾಂಶ ಬಂದ ಮೇಲೆ ಅವರ ಮಾತಿಗೂ ಬೆಲೆ ಉಳಿಯುವುದಿಲ್ಲ.

ಮುಂದಿನ ಕೊಯ್ಲಿಗೆ ಮೊದಲೇ ಮಾಲೀಕರು ಕೂಲಿಯವರು ವಾಸಿಸುವ ಲೈನ್‌ಮನೆಯವರನ್ನು ಕೂರಿಸಿಕೊಂಡು, ಕೊಡಗಿನ ಬುಡಕಟ್ಟಿನವರಾದ ಯರವರಿಗೂ ಅಸ್ಸಾಮಿನವರಿಗೂ ತಿಳಿಯುವ ಭಾಷೆಯಲ್ಲಿ ಈ ಲೆಕ್ಕವನ್ನು ವಿವರಿಸಲಿ. ತಕ್ಕಡಿಯ ಅಂಕಿ ಕೊಯ್ದವರಿಗೂ ಕಾಣಲಿ. ಪಟ್ಟಿ ತಪ್ಪೆನಿಸಿದರೆ ಅದನ್ನು ತಿದ್ದುವ ಅಧಿಕಾರ ರೈಟರಿಗೆ ಲಿಖಿತವಾಗಿ ಸಿಗಲಿ.