ಶಾಲೆಯ ನಲ್ಲಿಗೆ ಯಾರು ಜವಾಬ್ದಾರಿ?

ನಾನಿರುವ ಮಿಷಿಗನ್ ರಾಜ್ಯದಲ್ಲಿ 2023ರ ಅಕ್ಟೋಬರ್‌ನಲ್ಲಿ ಗವರ್ನರ್ ಗ್ರೆಚೆನ್ ವಿಟ್ಮರ್ ಒಂದು ಕಾನೂನಿಗೆ ಸಹಿ ಹಾಕಿದರು. ಇಲ್ಲಿನವರು ಅದನ್ನು ‘ಫಿಲ್ಟರ್ ಫಸ್ಟ್’ ಎಂದು ಕರೆಯುತ್ತಾರೆ. ಶಾಲೆಗಳಲ್ಲಿ, ಪುಟ್ಟ ಮಕ್ಕಳ ಡೇಕೇರ್‌ಗಳಲ್ಲಿ ಕುಡಿಯುವ ನೀರು ಸೀಸ (ಮಕ್ಕಳ ಮಿದುಳಿಗೆ ಹಾನಿ ಮಾಡುವ ಲೋಹ) ತಡೆಯುವ ಫಿಲ್ಟರ್ ದಾಟಿಯೇ ಬರಬೇಕು. ಶಾಲೆಯಲ್ಲಿ ನೂರು ಜನಕ್ಕೆ ಒಂದರಂತೆ ಬಾಟಲಿ ತುಂಬಿಸುವ ಫಿಲ್ಟರ್ ಸ್ಟೇಷನ್ ಇರಬೇಕು. ಯಾವ ನಲ್ಲಿ ಕುಡಿಯಲಿಕ್ಕೆ, ಯಾವುದು ಕೈ ತೊಳೆಯಲಿಕ್ಕೆ ಮಾತ್ರ ಅನ್ನುವುದು ಕಾಗದದ ಮೇಲೆ ಇರಬೇಕು, ನಲ್ಲಿಯ ಪಕ್ಕದಲ್ಲೂ ಬೋರ್ಡ್ ಹಾಕಬೇಕು. ಶಾಲೆಗಳಲ್ಲಿ 2025-26ರ ಶಾಲಾ ವರ್ಷ ಮುಗಿಯುವುದರೊಳಗೆ ಫಿಲ್ಟರ್ ಬಂದಿರಬೇಕೆಂದು ಗಡುವು ಕೊಟ್ಟರು. ಅಮೆರಿಕದ ಯಾವ ರಾಜ್ಯವೂ ಅದಕ್ಕೂ ಮೊದಲು ಇಷ್ಟು ದೂರ ಹೋಗಿರಲಿಲ್ಲ.

ಈ ಕಾನೂನಿನ ಬಗ್ಗೆ ಬರೆಯಲು ನನಗೆ ಇರುವ ಕಾರಣ ಕರ್ನಾಟಕದ ಶಾಲೆಗಳು. ಆದರೆ ಮೊದಲು ಇಲ್ಲಿ ಇದು ಯಾಕೆ ಬಂತು ಅಂತ ಹೇಳಬೇಕು. ಇದು ಸುಮ್ನೆ ಬಂದದ್ದಲ್ಲ.

ಡೆಟ್ರಾಯಿಟ್‌ನಿಂದ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ ಹೋದರೆ ಫ್ಲಿಂಟ್ ಸಿಗುತ್ತದೆ. ಸುಮಾರು ಒಂದು ಲಕ್ಷ ಜನರಿದ್ದ ಊರು. 2014ರ ಏಪ್ರಿಲ್‌ನಲ್ಲಿ ದುಡ್ಡು ಉಳಿಸಬೇಕೆಂದು ಡೆಟ್ರಾಯಿಟ್‌ನಿಂದ ಬರುತ್ತಿದ್ದ ಹ್ಯುರಾನ್ ಸರೋವರದ ನೀರನ್ನು ನಿಲ್ಲಿಸಿ ಫ್ಲಿಂಟ್ ನದಿಯ ನೀರನ್ನು ಊರಿಗೆ ಬಿಟ್ಟರು. ಆ ನೀರು ಪೈಪನ್ನು ಕೊರೆಯುವಂಥದ್ದು. ಕೊರೆತ ತಡೆಯಲು ನೀರಿಗೆ ಫಾಸ್ಫೇಟ್ ಬೆರೆಸುವುದು ರೂಢಿ. ಅದನ್ನು ಬೆರೆಸಲಿಲ್ಲ. ಹಳೆಯ ಸೀಸದ ಪೈಪುಗಳ ಒಳಗೆ ವರ್ಷಾನುಗಟ್ಟಲೆ ಕೂತಿದ್ದ ಪದರ ಕಿತ್ತುಬಂತು, ಸೀಸ ನೇರವಾಗಿ ಲೋಟಕ್ಕೆ ಇಳಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ ಜನರಲ್ ಮೋಟಾರ್ಸ್ ಎಂಜಿನ್ ಕಾರ್ಖಾನೆ, ಈ ನೀರಿನಿಂದ ನಮ್ಮ ಬಿಡಿಭಾಗಗಳಿಗೆ ತುಕ್ಕು ಹಿಡಿಯುತ್ತಿದೆ ಎಂದು ಬೇರೆ ಕಡೆಯಿಂದ ನೀರು ತರಿಸಿಕೊಂಡಿತು. ಮಕ್ಕಳು ಅದೇ ನೀರನ್ನು ಇನ್ನೂ ಒಂದು ವರ್ಷ ಕುಡಿದರು. ಈ ಒಂದು ಸಂಗತಿ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸರ್ಕಾರದವರು ನೀರು ಸರಿಯಾಗಿದೆ ಎನ್ನುತ್ತಲೇ ಇದ್ದರು. ಲೀಆನ್ ವಾಲ್ಟರ್ಸ್ ಎಂಬ ತಾಯಿ ತನ್ನ ಮನೆಯ ನೀರನ್ನು ಪರೀಕ್ಷೆ ಮಾಡಿಸಿದರು, ಬಿಡದೆ ಹಿಂದೆ ಬಿದ್ದರು. ವರ್ಜೀನಿಯಾ ಟೆಕ್‌ನ ವಿಶ್ವವಿದ್ಯಾಲಯದ ಮಾರ್ಕ್ ಎಡ್ವರ್ಡ್ಸ್ ತಂಡ ಮನೆ ಮನೆಯ ನೀರು ತರಿಸಿ ನೋಡಿತು. ಮಕ್ಕಳ ಡಾಕ್ಟರ್ ಮೋನಾ ಹನ್ನಾ-ಅಟೀಶಾ ತಮ್ಮ ಆಸ್ಪತ್ರೆಯ ದಾಖಲೆಗಳನ್ನು ತೆಗೆದು, ರಕ್ತದಲ್ಲಿ ಸೀಸ ಜಾಸ್ತಿ ಇರುವ ಮಕ್ಕಳ ಪ್ರಮಾಣ ಹೆಚ್ಚು ಕಡಿಮೆ ಎರಡು ಪಟ್ಟಾಗಿದೆ ಎಂದು 2015ರ ಸೆಪ್ಟೆಂಬರ್‌ನಲ್ಲಿ ಎಲ್ಲರ ಮುಂದೆ ಇಟ್ಟರು. ಮುಂದಿನ ತಿಂಗಳೇ ಹಳೆಯ ನೀರು ವಾಪಸ್ ಬಂತು. ಶಾಲೆಗಳಲ್ಲಿ ಮಾತ್ರ ವರ್ಷಗಟ್ಟಲೆ ಬಾಟಲಿ ನೀರೇ ಗತಿಯಾಯಿತು.

ಫ್ಲಿಂಟ್‌ನದು ನದಿ ಬದಲಾಯಿಸಿದ್ದರಿಂದ ಆದ ಅನಾಹುತ. ಡೆಟ್ರಾಯಿಟ್‌ನಲ್ಲಿ ನೀರು ಬದಲಾಗಿರಲೇ ಇಲ್ಲ. 2018ರ ಆಗಸ್ಟ್ ಕೊನೆಯಲ್ಲಿ, ಶಾಲೆ ಶುರುವಾಗಲು ಕೆಲವೇ ದಿನ ಇರುವಾಗ, ಡೆಟ್ರಾಯಿಟ್ ಶಾಲಾ ಜಿಲ್ಲೆಯ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಮುಖ್ಯಸ್ಥ ನಿಕೊಲಾಯ್ ವಿಟ್ಟಿ ತಮ್ಮ 106 ಶಾಲೆಗಳಲ್ಲೂ ಕುಡಿಯುವ ನೀರಿನ ನಲ್ಲಿಗಳನ್ನು ನಿಲ್ಲಿಸಲು ಹೇಳಿದರು. ಆಗ ಪರೀಕ್ಷೆ ಮಾಡಿದ 24 ಶಾಲೆಗಳಲ್ಲಿ 16ರಲ್ಲಿ ಸೀಸವೋ ತಾಮ್ರವೋ ಮಿತಿ ಮೀರಿತ್ತು. ನೀರು ಸರಬರಾಜು ಮಾಡುವವರು ನಮ್ಮ ನೀರು ಶುದ್ಧ ಎಂದರು. ಅದು ನಿಜವೂ ಹೌದು. ಸೀಸ ಬೆರೆಯುತ್ತಿದ್ದುದು ಶಾಲೆಯ ಕಟ್ಟಡದ ಒಳಗೇ, ಹಳೆಯ ಪೈಪು, ಬೆಸುಗೆ, ಹಿತ್ತಾಳೆಯ ನಲ್ಲಿಗಳಿಂದ. ಅಮೆರಿಕದಲ್ಲಿ ನೀರಿನ ಪೈಪಿಗೆ ಸೀಸ ಬಳಸಬಾರದೆಂದು ಕಾನೂನು ಬಂದದ್ದು 1986ರಲ್ಲಿ. ಆಮೇಲೂ ಶೇ 8ರಷ್ಟು ಸೀಸ ಇರುವ ನಲ್ಲಿಯನ್ನು ‘ಸೀಸರಹಿತ’ ಎಂದು ಮಾರಬಹುದಿತ್ತು. ಅದನ್ನು ಶೇ 0.25ಕ್ಕೆ ಇಳಿಸಿದ್ದು 2014ರಲ್ಲಿ. ಹಾಗಾಗಿ ಅಜ್ಜನ ಕಾಲದ ಕಟ್ಟಡಕ್ಕೆ ಮಾತ್ರ ಈ ಕಾಟ ಅಂದುಕೊಳ್ಳುವಂತಿಲ್ಲ.

ಶಾಲೆಯ ನಲ್ಲಿಗೆ ಇನ್ನೊಂದು ತೊಂದರೆ ಇದೆ. ಶುಕ್ರವಾರ ಸಂಜೆ ಮುಚ್ಚಿದ ನಲ್ಲಿ ಸೋಮವಾರ ಬೆಳಗ್ಗೆಯೇ ತೆರೆಯುವುದು. ಬೇಸಿಗೆ ರಜೆಯಲ್ಲಂತೂ ತಿಂಗಳುಗಟ್ಟಲೆ ನೀರು ಪೈಪಿನಲ್ಲೇ ನಿಂತಿರುತ್ತದೆ. ನಿಂತಷ್ಟೂ ಸೀಸ ಇಳಿಯುತ್ತದೆ. ಸೋಮವಾರ ಜಾಸ್ತಿ ತೋರಿಸಿದ ನಲ್ಲಿ ಬುಧವಾರ ಏನೂ ಇಲ್ಲವೆಂದು ತೋರಿಸಬಹುದು. ಒಂದು ಪರೀಕ್ಷೆ ಪಾಸಾಯಿತೆಂದರೆ ಆ ಹೊತ್ತಿನ ಆ ಲೋಟ ಪಾಸಾಯಿತು, ಅಷ್ಟೇ. ಇದಕ್ಕೇ ಮಿಷಿಗನ್ ಹಳೆಯ ಕ್ರಮವನ್ನು ತಿರುವಿ ಹಾಕಿತು. ಮೊದಲು ಪರೀಕ್ಷೆ, ಸಿಕ್ಕಿಬಿದ್ದರೆ ಮಾತ್ರ ರಿಪೇರಿ ಎನ್ನುವುದನ್ನು ಬಿಟ್ಟು, ಮೊದಲು ಫಿಲ್ಟರ್ ಹಾಕಿ, ಆಮೇಲೆ ಫಿಲ್ಟರ್ ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷಿಸಿ ಎಂದಿತು. ನನಗೆ ಇದು ಸರಿಯಾದ ದಾರಿ ಅನಿಸುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ಡಾಕ್ಟರುಗಳು ಹೇಳುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಶಾಲೆಯ ನೀರಿನಲ್ಲಿ ಒಂದು ಪಿಪಿಬಿ, ಅಂದರೆ ಲೀಟರ್‌ಗೆ ಒಂದು ಮೈಕ್ರೋಗ್ರಾಂ ಮೀರಬಾರದು ಎಂದು 2016ರಲ್ಲೇ ಹೇಳಿತ್ತು. ಆಗ ಸರ್ಕಾರಿ ಮಿತಿ 15 ಇತ್ತು.

ಈಗ ನಮ್ಮ ಕಡೆಗೆ ಬರುತ್ತೇನೆ.

ಕರ್ನಾಟಕದ ಹಳ್ಳಿ ಶಾಲೆಯಲ್ಲಿ ಸೀಸಕ್ಕಿಂತ ಮೊದಲು ಯೋಚಿಸಬೇಕಾದ್ದು ಎರಡು. ಒಂದು, ಹೊಟ್ಟೆ ಕೆಡಿಸುವ ರೋಗಾಣು. ಇನ್ನೊಂದು, ಬೋರ್‌ವೆಲ್ ನೀರಿನ ಫ್ಲೋರೈಡ್. ಪಾವಗಡ, ಚಿತ್ರದುರ್ಗ, ಕೋಲಾರ, ಚಿಕ್ಕಬಳ್ಳಾಪುರ, ಕೊಪ್ಪಳ, ರಾಯಚೂರು ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ದೇಶದ ಮಾನದಂಡದ ಪ್ರಕಾರ ಲೀಟರಿಗೆ ಒಂದು ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದು, ಬೇರೆ ನೀರು ಇಲ್ಲದಿದ್ದರೆ ಒಂದೂವರೆವರೆಗೆ. ಅದನ್ನು ಮೀರಿದ ನೀರನ್ನು ಚಿಕ್ಕಂದಿನಲ್ಲಿ ಕುಡಿದ ಮಗುವಿಗೆ ಹಾಲು ಹಲ್ಲು ಬಿದ್ದು ಬರುವ ಶಾಶ್ವತ ಹಲ್ಲೇ ಕಲೆಯಾಗಿ ಹುಟ್ಟುತ್ತದೆ. ಇನ್ನೂ ಹೆಚ್ಚಾದರೆ, ವರ್ಷಗಟ್ಟಲೆ ಆದರೆ, ಮೂಳೆಗೇ ಬರುತ್ತದೆ. ಸೀಸವೂ ಹಾಗೆಯೇ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಮಗುವಿಗೆ ಅವತ್ತು ಏನೂ ಆಗುವುದಿಲ್ಲ. ಆದದ್ದು ಗೊತ್ತಾಗುವ ಹೊತ್ತಿಗೆ ವಾಪಸ್ ತರಲು ಆಗುವುದಿಲ್ಲ.

ನಮ್ಮ ಅಮ್ಮಂದಿರಿಗೆ ನೀರೆಂದರೆ ಒಂದೇ ಮಂತ್ರ, ಕುದಿಸಿ ಆರಿಸಿ ಕುಡಿಸಿ. ರೋಗಾಣುವಿಗೆ ಅದು ಸರಿ. ಫ್ಲೋರೈಡ್‌ಗೂ ಸೀಸಕ್ಕೂ ಕುದಿಸುವುದರಿಂದ ಏನೂ ಪ್ರಯೋಜನ ಇಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ. ಈ ಮಾತನ್ನು ಇಲ್ಲಿನ ಕನ್ನಡ ಗೆಳೆಯರಿಗೂ ಎಷ್ಟೋ ಸಲ ಹೇಳಿದ್ದೇನೆ.

ಎರಡು ಕಡೆಯ ಜನರ ನಡುವೆ ನಾನು ಕಂಡ ದೊಡ್ಡ ವ್ಯತ್ಯಾಸ ನಂಬಿಕೆಯದ್ದು. ಮಿಷಿಗನ್‌ನಲ್ಲಿ ಜನ ನಲ್ಲಿ ನೀರನ್ನು ಕಣ್ಣುಮುಚ್ಚಿ ನಂಬಿದ್ದರು. ನಂಬಿಕೆ ಮುರಿದಾಗ ರೊಚ್ಚಿಗೆದ್ದರು, ಕೋರ್ಟಿಗೆ ಹೋದರು, ಕಾನೂನು ಬದಲಾಯಿತು. ನಮ್ಮಲ್ಲಿ ನಲ್ಲಿ ನೀರನ್ನು ಯಾರೂ ನಂಬುವುದಿಲ್ಲ. ಅನುಕೂಲ ಇದ್ದವರು ಮನೆಯಲ್ಲಿ ಆರ್‌ಒ ಹಾಕಿಸುತ್ತಾರೆ, ಮಗುವಿನ ಬ್ಯಾಗಿಗೆ ಬಾಟಲಿ ಇಡುತ್ತಾರೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತಾರೆ. ತಂದೆ ತಾಯಿ ತಮ್ಮ ಮಗುವಿಗೆ ಮಾಡಬೇಕಾದ್ದನ್ನು ಮಾಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಹೀಗೆ ಎಲ್ಲರೂ ತಮ್ಮ ತಮ್ಮ ಬಾಟಲಿಯ ವ್ಯವಸ್ಥೆ ಮಾಡಿಕೊಂಡ ಮೇಲೆ ಶಾಲೆಯ ನಲ್ಲಿಯ ಬಗ್ಗೆ ಕೇಳುವವರು ಯಾರೂ ಉಳಿಯುವುದಿಲ್ಲ. ಬಾಟಲಿ ತರದ ಮಗು ಆ ನಲ್ಲಿಗೇ ಬಾಯಿಡುತ್ತದೆ. ಕೇಳಬಲ್ಲ ಅಪ್ಪ ಅಮ್ಮ ಆ ಮಗುವಿಗೆ ಇರುವುದು ಕಡಿಮೆ.

ಬಾಟಲಿ ತಂದ ಮಗುವೂ ತಪ್ಪಿಸಿಕೊಳ್ಳುವುದಿಲ್ಲ, ಅಲ್ವಾ? ಬೆಳಗ್ಗೆ ಕ್ಷೀರಭಾಗ್ಯದ ಹಾಲಿನ ಪುಡಿ ಕಲಸುವುದು ಶಾಲೆಯ ನೀರಿನಲ್ಲಿ. ಮಧ್ಯಾಹ್ನದ ಬಿಸಿಯೂಟದ ಅನ್ನ, ಸಾಂಬಾರ್ ಬೇಯುವುದು ಅದೇ ನೀರಿನಲ್ಲಿ. ಆ ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಲೋಟಕ್ಕೂ ಬರುತ್ತದೆ, ತಟ್ಟೆಗೂ ಬರುತ್ತದೆ. 2019ರಲ್ಲಿ ಕೇರಳದ ಶಾಲೆಗಳನ್ನು ನೋಡಿ ನಮ್ಮಲ್ಲೂ ವಾಟರ್ ಬೆಲ್, ಅಂದರೆ ಮಕ್ಕಳು ನೀರು ಕುಡಿಯಲೆಂದೇ ಹೊಡೆಯುವ ಬೆಲ್ ತರುವುದಾಗಿ ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಹೇಳಿದ್ದರು. ಮಕ್ಕಳು ಬಾಯಾರಿ ಕೂರಬಾರದು ಎನ್ನುವುದು ಒಳ್ಳೆಯ ಯೋಚನೆ, ನನಗೆ ತುಂಬ ಇಷ್ಟವಾಯಿತು. ಬೆಲ್ ಹೊಡೆದಾಗ ಕುಡಿಯುವ ನೀರು ಯಾವುದು ಎನ್ನುವ ಪ್ರಶ್ನೆಯನ್ನೂ ಜೊತೆಗೇ ಕೇಳಬೇಕು.

ಕಾನೂನು ನಮ್ಮಲ್ಲಿ ಇಲ್ಲದೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಸುರಕ್ಷಿತ, ಸಾಕಷ್ಟು ಕುಡಿಯುವ ನೀರು ಇರಬೇಕು ಎನ್ನುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಮತ್ತೆ ಹೇಳಿತು. ಜಲಜೀವನ್ ಮಿಷನ್ 2020ರ ಅಕ್ಟೋಬರ್‌ನಿಂದ ಶಾಲೆ, ಅಂಗನವಾಡಿಗಳಿಗೆ ನಲ್ಲಿ ಹಾಕಿಸುವ ಅಭಿಯಾನ ನಡೆಸಿತು. ಪ್ರತಿ ಹಳ್ಳಿಯಲ್ಲಿ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಮಾಡುವ ಕಿಟ್ ಬಳಸಲು ಹೇಳಿಕೊಡಬೇಕು ಎಂಬುದೂ ಅದರಲ್ಲಿದೆ. ಈ ಕಿಟ್ ವಿಚಾರದಲ್ಲಿ ಕರ್ನಾಟಕದಿಂದ ಮಿಷಿಗನ್ ಕಲಿಯಬೇಕು ಎಂದೇ ನಾನು ಹೇಳುತ್ತೇನೆ. ಇಲ್ಲಿ ನೀರಿನ ಸ್ಯಾಂಪಲ್ ಲ್ಯಾಬ್‌ಗೆ ಹೋಗಿ ಫಲಿತಾಂಶ ಬರುವವರೆಗೆ ಪಾಲಕರು ಕಾಯುತ್ತಾ ಕೂರಬೇಕು. ಅಲ್ಲಿ ಊರಿನ ಹೆಣ್ಣುಮಗಳೇ ಶಾಲೆಯ ಅಂಗಳದಲ್ಲಿ ನಿಂತು ಫ್ಲೋರೈಡ್ ಎಷ್ಟಿದೆ ಎಂದು ಬಣ್ಣ ನೋಡಿ ಹೇಳಬಹುದು. ಎಂಥಾ ದೊಡ್ಡ ಶಕ್ತಿ ಅದು!

ಹಾಗಿದ್ದರೆ ಕೊರತೆ ಎಲ್ಲಿ? ನನ್ನ ಪ್ರಕಾರ ಪರೀಕ್ಷೆ ಮಾಡುವ ಜಾಗದಲ್ಲಿ, ಮತ್ತು ಆ ಫಲಿತಾಂಶ ಯಾರ ಕೈಗೆ ಹೋಗುತ್ತದೆ ಎನ್ನುವುದರಲ್ಲಿ. ಪಂಚಾಯಿತಿಯವರು ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸುತ್ತಾರೆ ಅಂತಿಟ್ಟುಕೊಳ್ಳಿ. ಬೋರ್‌ವೆಲ್‌ನಿಂದ ಮಗುವಿನ ಬಾಯಿಗೆ ಬರುವಷ್ಟರಲ್ಲಿ ಆ ನೀರು ಓವರ್‌ಹೆಡ್ ಟ್ಯಾಂಕ್ ಹತ್ತಿ, ಚರಂಡಿಯ ಪಕ್ಕ ಹಾದ ಪೈಪಿನಲ್ಲಿ ಹರಿದು, ಶಾಲೆಯ ಸಿಂಟೆಕ್ಸ್‌ನಲ್ಲಿ ಕೂತು ಬಂದಿರುತ್ತದೆ. ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿಹೋಗಿದ್ದರೆ ಮೂಲದ ರಿಪೋರ್ಟ್ ಎಷ್ಟು ಚೆನ್ನಾಗಿದ್ದರೇನು? ರಾಯಚೂರಿನಲ್ಲಿ 2022ರಲ್ಲಿ, ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರಲ್ಲಿ ನಲ್ಲಿ ನೀರು ಕುಡಿದವರು ವಾಂತಿ ಭೇದಿಯಾಗಿ ಪ್ರಾಣ ಕಳೆದುಕೊಂಡರು. ಡೆಟ್ರಾಯಿಟ್ ಶಾಲೆಗಳು ಕಲಿಸಿದ್ದೂ ಇದನ್ನೇ. ಸರಬರಾಜಿನ ಜಾಗದಲ್ಲಿ ಶುದ್ಧ ಎಂದರೆ ಕುಡಿಯುವ ಜಾಗದಲ್ಲಿ ಶುದ್ಧ ಎಂದಾಗುವುದಿಲ್ಲ.

ನನ್ನ ಅಕ್ಕ ಪಾವಗಡದ ಕಡೆ ಸರ್ಕಾರಿ ಶಾಲೆಯಲ್ಲಿ ಟೀಚರ್. ನಾನು ಇಲ್ಲಿನ ಕಾನೂನಿನ ಬಗ್ಗೆ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, “ಫಿಲ್ಟರ್ ಹಾಕ್ತಾರೆ ಸರಿ ಕಣೋ, ಕೆಟ್ಟರೆ ಯಾರು ಬರ್ತಾರೆ?” ಅವಳ ಶಾಲೆಗೆ ದಾನಿಗಳೊಬ್ಬರು ಒಂದು ಆರ್‌ಒ ಯಂತ್ರ ಕೊಟ್ಟಿದ್ದರು. ಉದ್ಘಾಟನೆಯ ಫೋಟೋ ಇದೆ. ಒಳಗೆ ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್ ಹೋದ ಮೇಲೆ ಹೊಸದು ಹಾಕಿಸಲು ಯಾವ ಲೆಕ್ಕದಲ್ಲಿ ಹಣ ತೆಗೆಯಬೇಕು ಎಂದು ಮುಖ್ಯ ಮೇಷ್ಟ್ರಿಗೂ ಗೊತ್ತಿರಲಿಲ್ಲ, ಪಂಚಾಯಿತಿಯವರೂ ಹೇಳಲಿಲ್ಲ. ಯಂತ್ರ ಮೂಲೆ ಸೇರಿತು. 2006ರ ಸುವರ್ಣ ಜಲ ಯೋಜನೆ ನೆನಪಿದೆಯೇ? ಸಾವಿರಾರು ಹಳ್ಳಿ ಶಾಲೆಗಳಲ್ಲಿ ಮಳೆನೀರು ಹಿಡಿಯುವ ತೊಟ್ಟಿ ಕಟ್ಟುವ ಯೋಜನೆ. ಫ್ಲೋರೈಡ್ ಸೀಮೆಗೆ ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ, ಯಾಕೆಂದರೆ ಮಳೆನೀರಿನಲ್ಲಿ ಫ್ಲೋರೈಡ್ ಇರುವುದಿಲ್ಲ. ಕಟ್ಟಲು ದುಡ್ಡು ಬಂತು, ನೋಡಿಕೊಳ್ಳಲು ಬರಲಿಲ್ಲ. ಎಷ್ಟೋ ಕಡೆ ಪೈಪು ಕಿತ್ತುಹೋಗಿ, ತೊಟ್ಟಿ ಬಿರುಕುಬಿಟ್ಟು ನಿಂತುಹೋಯಿತು.

ಮಿಷಿಗನ್ ಕಾನೂನಿನಲ್ಲಿ ನನಗೆ ಫಿಲ್ಟರ್‌ಗಿಂತ ಮುಖ್ಯ ಅನಿಸಿದ್ದು ಆ ಬರೆದಿಟ್ಟ ಯೋಜನೆ. ಯಾವ ನಲ್ಲಿಗೆ ಯಾವ ಫಿಲ್ಟರ್, ಯಾವಾಗ ಬದಲಾಯಿಸಬೇಕು, ಯಾವಾಗ ಪರೀಕ್ಷೆ, ಇದಕ್ಕೆ ಶಾಲೆಯೇ ಹೊಣೆ. ಇಲ್ಲೂ ಎಲ್ಲ ಸರಿಯಾಗಿ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಡೆಟ್ರಾಯಿಟ್‌ನ ಶಾಲೆಗಳಿಗೆ 800ಕ್ಕೂ ಹೆಚ್ಚು ಫಿಲ್ಟರ್ ಸ್ಟೇಷನ್ ಬಂದದ್ದು ಬಹುಪಾಲು ದಾನಿಗಳ ಹಣದಿಂದ. ಫ್ಲಿಂಟ್ ಶಾಲೆಗಳಿಗೆ ಮಸ್ಕ್ ಫೌಂಡೇಶನ್ ದುಡ್ಡು ಕೊಡಬೇಕಾಯಿತು. ಫಿಲ್ಟರ್‌ನ ಒಳಗಿನ ಕಾರ್ಟ್ರಿಜ್ ಬದಲಾಯಿಸುವ ಖರ್ಚು ಮಾತ್ರ ವರ್ಷ ವರ್ಷ ಬರುವಂಥದ್ದು. ಬಡ ಶಾಲಾ ಜಿಲ್ಲೆಗಳಿಗೆ ಅದು ಭಾರವೇ.

ಕರ್ನಾಟಕದಲ್ಲಿ ನಾನು ಕೇಳುವುದು ದೊಡ್ಡ ಯಂತ್ರಗಳನ್ನಲ್ಲ. ಶಾಲೆಯ ಗೋಡೆಯ ಮೇಲೆ ಬಿಸಿಯೂಟದ ಮೆನು ಬರೆದಿರುತ್ತಾರಲ್ಲ, ಅದರ ಪಕ್ಕದಲ್ಲೇ ಇನ್ನು ನಾಲ್ಕು ಸಾಲು ಬರೆಸಲಿ. ಈ ಶಾಲೆಯ ನಲ್ಲಿಯ ನೀರನ್ನು, ನಲ್ಲಿಯ ಬಾಯಲ್ಲೇ ಹಿಡಿದು, ಯಾವ ದಿನ ಪರೀಕ್ಷೆ ಮಾಡಿದರು. ಫ್ಲೋರೈಡ್ ಎಷ್ಟು, ರೋಗಾಣು ಇದೆಯೋ ಇಲ್ಲವೋ. ಟ್ಯಾಂಕ್ ತೊಳೆದದ್ದು ಯಾವಾಗ. ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು. ಊರಿನ ನೀರುಗಂಟಿಗೂ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೂ ಈ ಕೆಲಸ ಹಂಚಿಕೊಡಬಹುದು, ಕಿಟ್ ಹಿಡಿದ ಹೆಣ್ಣುಮಕ್ಕಳಿಗೆ ಪ್ರತಿ ಪರೀಕ್ಷೆಗೂ ಸರಿಯಾದ ಸಂಭಾವನೆ ಕೊಡಬೇಕು. ಶಾಲೆಗೆ ಪ್ರತಿ ವರ್ಷ ಬರುವ ಅನುದಾನದಲ್ಲಿ ನೀರಿನ ರಿಪೇರಿಗೆಂದೇ ಒಂದು ಭಾಗ ಬೇರೆ ಇಡಬೇಕು, ಅದನ್ನು ಸುಣ್ಣಬಣ್ಣಕ್ಕೆ ಖರ್ಚು ಮಾಡುವಂತಿರಬಾರದು. ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವಂಥ ದೊಡ್ಡ ಯೋಜನೆಗಳಾದ ಊರಿನಲ್ಲೂ ಈ ನಾಲ್ಕು ಸಾಲು ಬೇಕೇ ಬೇಕು. ನದಿ ನೀರು ಬಂದರೂ ಅದು ಹರಿಯುವುದು ಅದೇ ಹಳೆಯ ಪೈಪು, ಅದೇ ಟ್ಯಾಂಕಿನ ಮೂಲಕ ತಾನೇ?

ಊರಿನ ಶಾಲೆಗೆ ಏನಾದರೂ ಕೊಡಬೇಕು ಎನ್ನುವ ಹೊರನಾಡ ಕನ್ನಡಿಗರು ಬಹಳ ಇದ್ದಾರೆ. ಹೊಸ ಯಂತ್ರ ಕೊಡಿಸುವ ಮೊದಲು ಆ ಶಾಲೆಯ ನಲ್ಲಿ ನೀರನ್ನು ಪರೀಕ್ಷೆ ಮಾಡಿಸಿ. ಬರೀ ಟ್ಯಾಂಕ್ ತೊಳೆಸಿ ಮುಚ್ಚಳ ಹಾಕಿಸಿದರೆ ಸಾಕಾಗುವ ಕಡೆ ಆರ್‌ಒ ಬೇಡ. ಆರ್‌ಒ ಬೇಕೇ ಬೇಕೆಂದರೆ ಐದು ವರ್ಷದ ಸರ್ವೀಸ್ ಹಣವನ್ನೂ ಸೇರಿಸಿಯೇ ಕೊಡಿ. ನನ್ನ ಅಕ್ಕನ ಶಾಲೆಯ ಯಂತ್ರಕ್ಕೆ ಹೊಸ ಮೆಂಬ್ರೇನ್ ಹಾಕಿಸುವ ಕೆಲಸ ಈಗ ನಾವು ಕೆಲವು ಗೆಳೆಯರು ಸೇರಿ ಕೈಗೆತ್ತಿಕೊಂಡಿದ್ದೇವೆ. ಸರ್ವೀಸ್ ಒಪ್ಪಂದದ ಕಾಗದದಲ್ಲಿ ಮುಖ್ಯ ಮೇಷ್ಟ್ರ ಜೊತೆ ಎಸ್‌ಡಿಎಂಸಿ ಅಧ್ಯಕ್ಷರ ಸಹಿಯೂ ಇರಲಿ ಎಂದು ಅಕ್ಕ ಹಟ ಹಿಡಿದಿದ್ದಾಳೆ.